ರಾಮೋಸೋ, ರಾನೋ?

"ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನನ್ನ ಕೈಲಿ ಓದಕ್ಕಾಗದ ಕಾರ್ಡು ಇದೇ ಮೊದಲು ನೋಡಿ," ಎಂದು ಅಂಚೆಯವನು ಗೇಟಿನ ಮೇಲೆ ಮೊಣಕೈ ಊರಿ ದೂರಿದ. "ಅಕ್ಷರ ಎಲ್ಲಾ ಇಂಗ್ಲಿಷಿಂದೇ. ಮಾತು ಮಾತ್ರ ಒಂದೂ ಇಂಗ್ಲಿಷಿಂದಲ್ಲ. ಯಾರಿದು ಬರೆದಿದ್ದು, ಬೈಂಡರಣ್ಣ?"

ಆ ಬೀದಿಯಲ್ಲಿ ಯಾರಿಗೆ ಕಾರ್ಡು ಬಂದರೂ ಓದುವ ಶ್ರಮವನ್ನು ಅಂಚೆಯವನು ಮನೆಯವರಿಗೆ ಕೊಡುತ್ತಿರಲಿಲ್ಲ. ದೂರದಿಂದಲೇ ಸೈಕಲ್ ಬೆಲ್ಲು ಬಾರಿಸಿ, "ನಿಮ್ಮ ಭಾವನಿಗೆ ವರ್ಗ ಆಯ್ತಂತೆ, ಮನೆ ಇನ್ನೂ ಸಿಕ್ಕಿಲ್ವಂತೆ," ಎಂದು ಸಾರಾಂಶ ಹೇಳಿ, ಆಮೇಲೆ ಕಾರ್ಡನ್ನು ಸಾಕ್ಷಿಗೆಂಬಂತೆ ಕೈಗಿಡುತ್ತಿದ್ದ. ಈಚೆಗೆ ಕಾರ್ಡು ಬರೆಯುವವರೇ ಇಲ್ಲವಾಗಿ ಅವನ ಓದಿಗೆ ಬರ ಬಂದಿತ್ತು. ಎಷ್ಟೋ ದಿನಕ್ಕೆ ಒಂದು ಬಂತು ಎಂದರೆ ಅದೂ ಹೀಗೆ. ಊಟಕ್ಕೆ ಕೂತು, ಬಡಿಸದೆ ಎಬ್ಬಿಸಿಕೊಂಡವನ ಹಾಗಿತ್ತು ಅವನ ಮುಖ.

ಬೈಂಡರಣ್ಣ ಕಾರ್ಡು ಇಸಿದುಕೊಂಡ. ಅವನಿಗೆ ಐವತ್ತಾರು ವರ್ಷ. ಸಾರ್ವಜನಿಕ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ದಾರ ಹೊಲಿದು, ಗೋಂದು ಹಚ್ಚಿ, ರಟ್ಟು ಕಟ್ಟುವುದು ಅವನ ಕೆಲಸ. ಇಡೀ ದಿನ ಪುಸ್ತಕಗಳ ಬೆನ್ನು ನೋಡುವವನು. ಮನುಷ್ಯರ ಮುಖ ನೋಡಿ ನಾಲ್ಕು ಮಾತಾಡು ಎಂದರೆ ನಾಲಿಗೆಗೂ ಗೋಂದು ಮೆತ್ತಿದ ಹಾಗಾಗುತ್ತಿತ್ತು.

ಕಾರ್ಡಿನ ಮೇಲೆ ನೀಲಿ ಶಾಯಿಯ ಮೂರು ಸಾಲು. ಎರಡನೇ ಸಾಲಿನ ಮಧ್ಯಕ್ಕೆ ಸರಿಯಾಗಿ ಅಂಚೆ ಮುದ್ರೆ ಕಪ್ಪಗೆ ಕೂತಿತ್ತು. ಕೆಳಗೆ ಸಹಿ: ವಿವೀರ್.

ಬೈಂಡರಣ್ಣ ಗೇಟು ಹಿಡಿದುಕೊಂಡ.

"ಏನು ಭಾಷೆ ಇದು?" ಅಂಚೆಯವನು ಬಿಡಲಿಲ್ಲ.

"ಸ್ಪ್ಯಾನಿಷ್," ಎಂದುಬಿಟ್ಟ ಬೈಂಡರಣ್ಣ. ಕೆಟ್ಟಿದ್ದು ಅಲ್ಲೇ.

"ಸ್ಪ್ಯಾನಿಷಾ?" ಎಂಬ ದನಿಯ ಹಿಂದೆಯೇ ಪಕ್ಕದ ಮನೆಯ ಹೆಡ್‌ಮಾಸ್ತರ ತಲೆ ಕಾಂಪೌಂಡಿನ ಮೇಲೆ ಉದಯಿಸಿತು. ನಿವೃತ್ತರಾದ ಮೇಲೆ ತಿದ್ದಲು ಉತ್ತರಪತ್ರಿಕೆಗಳಿಲ್ಲದೆ ಅವರು ಬೀದಿಯವರ ಬದುಕನ್ನೇ ತಿದ್ದುತ್ತಿದ್ದರು. "ನಿಮಗೆ ಸ್ಪ್ಯಾನಿಷ್ ಬರುತ್ತೇನ್ರೀ ಬೈಂಡರೇ? ಹದಿನೆಂಟು ವರ್ಷದಿಂದ ಪಕ್ಕದಲ್ಲಿದ್ದೀನಿ, ಕನ್ನಡಾನೇ ನಿಮ್ಮ ಬಾಯಲ್ಲಿ ಅಪರೂಪ!"

"ಬರಲ್ಲ ಸಾರ್. ಒಂದು ಪಾಠ ಮಾತ್ರ ನೆನಪಿದೆ."

"ಯಾವ ಪಾಠ?"

ಯಾವ ಪಾಠ ಎಂದು ಹೇಗೆ ಹೇಳುವುದು? ಅದು ಮೂವತ್ಮೂರು ವರ್ಷದ ಹಿಂದಿನ ಮಾತು. ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆ. ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ಪ್ರತಿ ಗುರುವಾರ ಸಂಜೆ ಆರಕ್ಕೆ ಸ್ಪ್ಯಾನಿಷ್ ಕ್ಲಾಸು. ಹೇಳಿಕೊಡುತ್ತಿದ್ದವರು ಹಡಗಿನಲ್ಲಿ ತಂತಿ ಆಪರೇಟರಾಗಿ ಊರೂರು ಸುತ್ತಿ ಬಂದಿದ್ದ ಮುದುಕರು. ಮೊದಲ ದಿನ ಹದಿನಾಲ್ಕು ಜನ ಇದ್ದರು. ಕ್ರಿಯಾಪದಗಳು ಶುರುವಾದ ಮೇಲೆ ಮೂರು ಜನ ಉಳಿದರು.

ಮೂರು ಜನಕ್ಕೂ ಮೇಷ್ಟ್ರು ಒಂದೊಂದು ಕ್ರಿಯಾಪದವನ್ನೇ ಹೆಸರಾಗಿ ಇಟ್ಟಿದ್ದರು. ಬಾಯೇ ಬಿಡದ ಬೈಂಡರಣ್ಣ 'ಆಬ್ಲಾರ್', ಎಂದರೆ ಮಾತಾಡುವುದು. ಹಡಗಿನಲ್ಲಿ ಅಡುಗೆಯವನಾಗಬೇಕೆಂದು ಸೇರಿದ್ದ ಗುಂಡನೆಯ ಹುಡುಗ 'ಕೊಮೇರ್', ಎಂದರೆ ತಿನ್ನುವುದು. ಮೂರನೆಯವಳು ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿ. ಡ್ಯೂಟಿ ಮುಗಿಸಿ ಓಡೋಡಿ ಬರುತ್ತಿದ್ದಳು. ಹೆಡ್‌ಫೋನು ಒತ್ತಿದ ಗೆರೆ ಕೂದಲಲ್ಲಿ ಹಾಗೇ ಇರುತ್ತಿತ್ತು. ಅವಳು 'ವಿವೀರ್'. ಬದುಕುವುದು, ಬಾಳುವುದು.

ಹನ್ನೆರಡನೇ ಪಾಠದಲ್ಲಿ ಮೇಷ್ಟ್ರು ಆ ವಿಚಿತ್ರ ರೂಪವನ್ನು ಕಲಿಸಿದರು. "ಇದು ಆದದ್ದನ್ನ ಹೇಳೋ ರೂಪ ಅಲ್ಲ. ಆದರೆ, ಆಗಲಿ, ಆಗಬಾರದೇ ಅನ್ನೋ ರೂಪ. 'ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಅನ್ನಬಹುದಿತ್ತು' ಅಂತೀವಲ್ಲ, ಆ 'ಬಂದರೆ' ಇದೆ ನೋಡಿ, ಅದೇ ಇದು," ಎಂದು ಚಾಕ್‌ಪೀಸು ಹಿಡಿದು ನಿಂತಿದ್ದರು. "'ಅವರು ಮಾತಾಡಿದರು' ಅನ್ನೋದಕ್ಕೆ 'ಆಬ್ಲಾರೋನ್'. ಬಾಲದ 'ರೋನ್' ಕತ್ತರಿಸಿ ಎಸೀರಿ. ಉಳಿದಿದ್ದಕ್ಕೆ ನಾನಾದರೆ ರಾ, ನೀನಾದರೆ ರಾಸ್, ಅವನು, ಅವಳು, ತಾವು ಆದರೆ ಮತ್ತೆ ರಾ. ನಾವಾದರೆ ರಾಮೋಸ್, ನೀವಾದರೆ ರಾಯಿಸ್, ಅವರಾದರೆ ರಾನ್. ಕೊಮಿಯೆರೋನಿಗೂ ವಿವಿಯೆರೋನಿಗೂ ಇದೇ ಕತ್ತರಿ, ಇದೇ ಬಾಲ."

ಆವತ್ತು ಮೂರು ಜನ ಒಟ್ಟಿಗೆ ರಾಗವಾಗಿ ಹೇಳಿದ್ದರು. ಅವಳ ದನಿ ಮಧ್ಯದಲ್ಲಿ ತಂತಿಯ ಹಾಗೆ ನೇರವಾಗಿತ್ತು. ಮುಂದಿನ ಗುರುವಾರ ಅವಳು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಬೇರೆ ಊರಿಗೆ ವರ್ಗವಾಗಿರಬೇಕು ಎಂದು ಕೆಳಗಿನ ಸೈಕಲ್ ಅಂಗಡಿಯವನು ಹೇಳಿದ. ಆ ಸಂಜೆಯೇ ಬೈಂಡರಣ್ಣ ನೋಟ್‌ಬುಕ್ಕು ಮಡಚಿದ. ಅವಳ ಹತ್ತಿರ ಅವನು ಕ್ಲಾಸಿನ ವಾಕ್ಯಗಳ ಹೊರತು ಒಂದು ಮಾತೂ ಆಡಿರಲಿಲ್ಲ.

ಇಷ್ಟನ್ನೂ ನುಂಗಿಕೊಂಡು, "ಕ್ರಿಯಾಪದದ ಪಾಠ ಸಾರ್," ಎಂದ.

"ಓದ್ರೀ, ಓದಿ."

ಬೈಂಡರಣ್ಣ ಓದಿದ. "ಕೆರೀಆ ಕೆ ಉಸ್ತೆದ್ ಆಬ್ಲಾರಾ ಕೋನ್ ಸು ಮುಹೇರ್. ಸಿ ವಿವಿಯೆರಾ... ಇಲ್ಲಿ ಮುದ್ರೆ ಬಿದ್ದಿದೆ... ಹುಂತೋಸ್, ಕೆ ಅಲೆಗ್ರೀಆ! ಒಹಾಲಾ ಕೊಮಿಯೆರಾಮೋಸ್ ತೋದೋಸ್. ಹುವೇವೆಸ್, ಲಾಸ್ ಕ್ವಾತ್ರೋ, ಕಾಂತೀನಾ, ಎಸ್ತಾಸಿಯೋನ್."

"ಸ್ಟೇಷನ್ ಕ್ಯಾಂಟೀನು!" ಅಂಚೆಯವನಿಗೆ ಜೀವ ಬಂತು. "ಕೊನೇದು ನಂಗೂ ಗೊತ್ತಾಯ್ತು. ಉಳಿದಿದ್ದು?"

"ಹುವೇವೆಸ್ ಅಂದ್ರೆ ಗುರುವಾರ. ಕ್ವಾತ್ರೋ, ನಾಲ್ಕು ಗಂಟೆ."

"ಇವತ್ತೇ ಗುರುವಾರ ಕಣ್ರೀ!" ಎಂದರು ಹೆಡ್‌ಮಾಸ್ತರು. "ಈ ಆಬ್ಲಾರಾ ಅಂದ್ರೆ?"

"ಮಾತಾಡಿದ್ದರೆ."

"ಯಾರು ಮಾತಾಡಿದ್ದರೆ?"

"ನಾನಾದ್ರೂ ಆಗಬಹುದು, ಅವಳಾದ್ರೂ ಆಗಬಹುದು, ತಾವಾದ್ರೂ ಆಗಬಹುದು. ಎಲ್ಲಕ್ಕೂ ರಾ."

"ನಾನ್ಯಾಕ್ರೀ ಬರ್ತೀನಿ ಇದರಲ್ಲಿ!" ಹೆಡ್‌ಮಾಸ್ತರು ಕಾಂಪೌಂಡಿನಿಂದ ಎರಡಿಂಚು ಕೆಳಗಿಳಿದರು. ಮತ್ತೆ ಏರಿದರು. "ಅವಳು ಅಂದ್ರಲ್ಲ. ಯಾವ ಅವಳು?"

ಅಷ್ಟರಲ್ಲಿ ಒಳಗಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. ಮೂವರೂ ಒಟ್ಟಿಗೆ ಕೆಮ್ಮಿದರು. ಅವಳು ಗಂಡನ ಕೈಯಲ್ಲಿದ್ದ ಕಾರ್ಡನ್ನು ಒಮ್ಮೆ, ಅವನ ಮುಖವನ್ನು ಒಮ್ಮೆ ನೋಡಿದಳು.

"ಯಾರದ್ದು ರೀ?"

"ಹಳೇ ಕ್ಲಾಸಿನವರದ್ದು."

"ಏನಂತೆ?"

"ಏನಿಲ್ಲ."

ಅವಳು ಒಂದು ಕ್ಷಣ ಕಾದಳು. ಆಮೇಲೆ, "ನೀಲಿ ಶರ್ಟು ಇಸ್ತ್ರಿ ಮಾಡಿಡ್ತೀನಿ," ಎಂದು ಒಳಗೆ ಹೋದಳು.

ಹೆಡ್‌ಮಾಸ್ತರು ದನಿ ತಗ್ಗಿಸಿದರು. "ಬೈಂಡರೇ, ಹೆಂಡತಿ ಕೂಗಾಡಿದ್ರೆ ಹೆದರಬೇಕಾಗಿಲ್ಲ. ಹೀಗೆ ಸಮಾಧಾನವಾಗಿ ಇಸ್ತ್ರಿಪೆಟ್ಟಿಗೆ ಬಿಸಿ ಮಾಡೋಕೆ ಹೋದ್ರೆ ಹೆದರಬೇಕು."

* * *

ಗ್ರಂಥಾಲಯದಲ್ಲಿ ಒಂದು ಸ್ಪ್ಯಾನಿಷ್ ನಿಘಂಟಿತ್ತು. ಎಂಟು ವರ್ಷದ ಹಿಂದೆ ಅದಕ್ಕೆ ರಟ್ಟು ಕಟ್ಟಿದವನೂ ಬೈಂಡರಣ್ಣನೇ. ಯಾರಿಗೂ ಕಾಣದಂತೆ ಅದನ್ನು ತನ್ನ ಕೋಣೆಗೆ ಒಯ್ದು, ಹೊಲಿಗೆಯ ಚೌಕಟ್ಟಿನ ಹಿಂದೆ ಬಿಡಿಸಿಕೊಂಡು ಕೂತ.

'ಮುಹೇರ್' ಸಿಕ್ಕಿತು: ಹೆಂಗಸು. 'ಸು' ಸಿಕ್ಕಿತು: ಅವನ, ಅವಳ, ತಮ್ಮ. ಬೈಂಡರಣ್ಣ ಒಂದು ಚೂರು ಕಾಗದದ ಮೇಲೆ ಬರೆದ: "ತಾವು ತಮ್ಮವಳಾದ ಈ ಹೆಂಗಸಿನ ಜೊತೆ ಮಾತಾಡಿದ್ದರೆ!" ಬರೆದು ಓದಿದ. ಗೋಂದಿನ ಡಬ್ಬಿಯ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

ಇನ್ನು 'ಹುಂತೋಸ್'. ಆದರೆ ಆ ಪದ ಇರಬೇಕಾಗಿದ್ದ ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಟಿಸಿದ್ದ ಗೋಂದು ಅವನದೇ. ಬಿಡಿಸಲು ಹೋದರೆ ಹರಿಯುತ್ತದೆ, ಬಿಟ್ಟರೆ ಜೀವ ಹೋಗುತ್ತದೆ. ಒದ್ದೆ ಬಟ್ಟೆ ಹಚ್ಚಿ, ಉಸಿರು ಊದಿ, ಹಾಳೆಯ ಮೂಲೆಯನ್ನು ಉಗುರಿನಿಂದ ಬಿಡಿಸುತ್ತಿದ್ದಾಗ ಹಿಂದಿನಿಂದ, "ಏನು ನಡೀತಿದೆ?" ಎಂದು ಕೇಳಿತು.

ಲೈಬ್ರರಿಯನ್ ಮೇಡಂ. ಅವರ ಪಿಸುಮಾತು ಬೇರೆಯವರ ಕೂಗಿಗಿಂತ ದೂರ ಹೋಗುತ್ತಿತ್ತು.

"ಒಂದು ಪದ, ಮೇಡಂ."

ಮೇಡಂ ಕಾರ್ಡನ್ನೂ ನೋಡಿದರು, ಚೂರು ಕಾಗದವನ್ನೂ ನೋಡಿದರು. ಕನ್ನಡಕ ಸರಿಮಾಡಿಕೊಂಡು, ತಮ್ಮ ಮೇಜಿನಿಂದ ಸ್ಟೀಲ್ ಸ್ಕೇಲು ತಂದು, ಹಾಳೆಗಳ ನಡುವೆ ತೂರಿಸಿ ಒಂದೇ ಎಳೆತಕ್ಕೆ ಬಿಡಿಸಿದರು. ಬೆರಳಿಟ್ಟು ಓದಿದರು.

"ಹುಂತೋಸ್: ಒಟ್ಟಿಗೆ, ಜೊತೆಯಾಗಿ."

"ಹಾಗಾದ್ರೆ 'ಸಿ ವಿವಿಯೆರಾಮೋಸ್ ಹುಂತೋಸ್'," ಎಂದ ಬೈಂಡರಣ್ಣ. "ನಾವು ಒಟ್ಟಿಗೆ ಬಾಳಿದ್ದರೆ..."

"ಒಟ್ಟಿಗೆ ಬಾಳಿದ್ದರೆ!" ಮೇಡಂ ಪಿಸುಗುಟ್ಟಿದರು. ವಾಚನಾಲಯದಲ್ಲಿ ಪತ್ರಿಕೆ ಹಿಡಿದಿದ್ದ ಹನ್ನೊಂದು ಜನ ಪಿಂಚಣಿದಾರರು ಒಟ್ಟಿಗೆ ಹಾಳೆ ತಗ್ಗಿಸಿದರು. "ಆದ್ರೆ 'ರಾಮೋಸ್' ಅಂತ ನೀವು ಹೇಗೆ ಹೇಳ್ತೀರಿ? ಬಾಲ ಮುದ್ರೆ ಕೆಳಗಿದೆಯಲ್ಲ."

"ರಾಮೋಸ್ ಆದ್ರೆ ಹಿಂದಿನ ಅಕ್ಷರದ ನೆತ್ತಿ ಮೇಲೆ ಒಂದು ಗೆರೆ ಬರುತ್ತೆ, ಮೇಡಂ. ನೋಡಿ, ಇಲ್ಲಿದೆ."

ಮೇಡಂ ಭೂತಗನ್ನಡಿ ತರಿಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು.

"ಇದು ಗೆರೆಯಲ್ಲ. ನೊಣದ ಹಿಕ್ಕೆ."

"ಗೆರೆ, ಮೇಡಂ."

"ಮೂವತ್ತು ವರ್ಷದಿಂದ ಪುಸ್ತಕ ನೋಡ್ತಿದ್ದೀನಿ. ಅಕ್ಷರ ಯಾವುದು, ನೊಣದ್ದು ಯಾವುದು ಅಂತ ನನಗೆ ಗೊತ್ತಿಲ್ವಾ?"

ಪಿಂಚಣಿದಾರರು ಒಬ್ಬೊಬ್ಬರಾಗಿ ಎದ್ದು ಬಂದು ಭೂತಗನ್ನಡಿಯಲ್ಲಿ ನೋಡಿದರು. ಆರು ಜನ ಗೆರೆ ಎಂದರು. ನಾಲ್ಕು ಜನ ನೊಣದ್ದು ಎಂದರು. ಕಣ್ಣಿನ ಆಪರೇಷನ್ ಆಗಿದ್ದ ಒಬ್ಬರು, ಕಾರ್ಡು ಎಲ್ಲಿದೆ ಎಂದು ಕೇಳಿದರು.

ಬಹುಮತ ಬಂದ ಮೇಲೆ ಬೈಂಡರಣ್ಣನಿಗೆ ಧೈರ್ಯ ಬಂತು. ಅರ್ಧ ದಿನದ ರಜೆ ಬರೆದುಕೊಟ್ಟ. ಕಾರಣ ಎಂಬಲ್ಲಿ ಏನು ಬರೆಯುವುದೆಂದು ತಿಳಿಯದೆ ಪೆನ್ನು ಹಿಡಿದು ನಿಂತ. ಮೇಡಂ ತಾವೇ ಅರ್ಜಿ ಇಸಿದುಕೊಂಡು 'ವ್ಯಾಕರಣ' ಎಂದು ಬರೆದು ಸಹಿ ಹಾಕಿದರು.

* * *

ಅಂಚೆಯವನ ಸೈಕಲ್ಲು ಬೈಂಡರಣ್ಣನ ಕಾಲಿಗಿಂತ ವೇಗವಾಗಿ ಓಡಿತ್ತು. ಕ್ಷೌರದಂಗಡಿಗೆ ಕಾಲಿಟ್ಟರೆ, ಕ್ಷೌರಿಕ ಬಿಳಿ ಬಟ್ಟೆ ಕೊಡವಿ, "ನಾಲ್ಕು ಗಂಟೆಗೆ ತಾನೆ? ಟೈಮಿದೆ, ಕೂತ್ಕೊಳ್ಳಿ," ಎಂದ.

"ಕೂದಲು ಸ್ವಲ್ಪ..."

"ಕೂದಲು ಆಮೇಲೆ. ಮೀಸೆ ಮೊದಲು. ಮೂವತ್ತು ವರ್ಷದ ಹಿಂದೆ ನೋಡಿದವರು ಈ ಬಿಳೀ ಮೀಸೆ ನೋಡಿ ನಿಮ್ಮಪ್ಪ ಬಂದಿದಾರೆ ಅಂದ್ಕೊಂಡ್ರೆ?"

ಬೈಂಡರಣ್ಣ ಬೇಡ ಎನ್ನಲು ಬಾಯಿ ತೆರೆದ. ತೆರೆದ ಬಾಯಿಯ ಮೇಲೆಯೇ ಬಣ್ಣ ಬಿತ್ತು. ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಆದರೆ ಆ ಹತ್ತು ನಿಮಿಷದಲ್ಲಿ ಕ್ಷೌರಿಕ ತನ್ನ ಕತೆ ಶುರುಮಾಡಿದ. ಅವನೂ ಹುಡುಗನಾಗಿದ್ದಾಗ ಎದುರಿನ ಫೋಟೋ ಸ್ಟುಡಿಯೋದವರ ಮಗಳಿಗೆ ಒಂದು ಮಾತು ಹೇಳಬೇಕೆಂದು ನಾಲ್ಕು ಸಲ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿಕೊಂಡಿದ್ದನಂತೆ. ಮಾತು ಬರಲಿಲ್ಲ, ಫೋಟೋ ಮಾತ್ರ ಮೂವತ್ತೆರಡು ಬಂತು. "ಇನ್ನೂ ಇದೆ ಪೆಟ್ಟಿಗೇಲಿ," ಎಂದು ಕನ್ನಡಿಯ ಹಿಂದಿನಿಂದ ಒಂದು ಕವರು ತೆಗೆದು ತೋರಿಸಿದ. ಮೂವತ್ತೆರಡು ಫೋಟೋದಲ್ಲೂ ಬಾಯಿ ತೆರೆಯಲು ಹೊರಟಿದ್ದ ಒಬ್ಬ ತೆಳ್ಳಗಿನ ಹುಡುಗ. ಇಬ್ಬರೂ ಒಂದೊಂದಾಗಿ ನೋಡುತ್ತಾ ಕೂತರು. ಅರ್ಧ ಗಂಟೆ ಹೋಯಿತು.

ತೊಳೆದಾಗ ಮೀಸೆ ಕಪ್ಪಾಗಿತ್ತು. ಮೀಸೆಯ ಕೆಳಗಿನ ತುಟಿಯೂ, ಮೇಲಿನ ಚರ್ಮವೂ ಕಪ್ಪಾಗಿದ್ದವು. ಸೋಪು, ಎಣ್ಣೆ, ಪೌಡರು ಮೂರೂ ಸೋತವು.

"ದೂರದಿಂದ ನೋಡಿದ್ರೆ ದಪ್ಪ ಮೀಸೆ ಥರಾನೇ ಕಾಣುತ್ತೆ," ಎಂದ ಕ್ಷೌರಿಕ. "ಹತ್ರ ಹೋಗಬೇಡಿ, ಅಷ್ಟೇ."

ಮನೆಗೆ ಬಂದರೆ ನೀಲಿ ಶರ್ಟು ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು, ಒಂದು ಸುಕ್ಕಿಲ್ಲದೆ. ಹೆಂಡತಿ ಅವನ ಮೀಸೆ ನೋಡಿದಳು. ಅವಳ ತುಟಿ ಒಮ್ಮೆ ಅಲುಗಿತು.

"ನನಗೆ ಸ್ಟೇಷನ್ ಕಡೆ ಸ್ವಲ್ಪ ಕೆಲಸ ಇದೆ," ಎಂದ ಬೈಂಡರಣ್ಣ, ಗೋಡೆಗೆ.

"ಏನ್ ಕೆಲಸ?"

"ಲೈಬ್ರರಿದು."

ಅವಳು ಮತ್ತೆ ಕಾದಳು, ಬೆಳಿಗ್ಗೆಯ ಹಾಗೆಯೇ. ಅವನು ಗುಂಡಿ ಹಾಕಿಕೊಂಡ. ಒಂದು ಗುಂಡಿ ಮೇಲಿನ ತೂತಿಗೆ ಹೋಯಿತು. ಅವಳು ಬಂದು ಬಿಚ್ಚಿ ಸರಿಯಾಗಿ ಹಾಕಿ, "ನಾನೂ ಬರ್ತೀನಿ," ಎಂದಳು. "ನಂಗೂ ಅಲ್ಲೇ ಕೆಲಸ ಇದೆ." ಅವಳು ಆಗಲೇ ಒಳ್ಳೆಯ ಸೀರೆ ಉಟ್ಟಿದ್ದಳೆಂಬುದನ್ನು ಅವನು ಆಗ ಗಮನಿಸಿದ.

ಬಸ್ ಸ್ಟಾಪಿನಲ್ಲಿ ಹೆಡ್‌ಮಾಸ್ತರು ಕೊಡೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಅಂಚೆಯವನು.

"ನನಗೆ ರೈಲಿನ ಟೈಮ್ ವಿಚಾರಿಸಬೇಕು," ಎಂದರು ಹೆಡ್‌ಮಾಸ್ತರು, ಕೇಳದೆಯೇ.

"ಕಾರ್ಡು ತಲುಪಿಸಿದವನು ನಾನು," ಎಂದ ಅಂಚೆಯವನು. "ಅದರ ವಿಷಯ ತಲುಪಿತೋ ಇಲ್ವೋ ನೋಡೋದೂ ಡ್ಯೂಟಿನೇ."

ಬಸ್ಸಿನಲ್ಲಿ ಬೈಂಡರಣ್ಣ ಕಿಟಕಿಯ ಹೊರಗೆ ನೋಡುತ್ತಾ ಕೂತ. ಪಕ್ಕದಲ್ಲಿ ಹೆಂಡತಿ. ಇಪ್ಪತ್ತೆಂಟು ವರ್ಷ ಅವನ ಮೌನವನ್ನು ಅನುವಾದ ಮಾಡಿಕೊಂಡೇ ಸಂಸಾರ ನಡೆಸಿದವಳು. ಮಗಳ ಓದು, ಕೆಲಸ, ಎಲ್ಲವನ್ನೂ ಅವಳೇ ಮಾತಾಡಿ ಮುಗಿಸಿದ್ದಳು. ಅವಳಿಗೆ ಈಗ ಎಲ್ಲ ಹೇಳಿಬಿಡಬೇಕು ಎನಿಸಿತು. ಆದರೆ ಹೇಳುವುದಾದರೂ ಏನು? ನಡೆದಿದ್ದು ಏನೂ ಇಲ್ಲ. ಏನೂ ನಡೆಯದೇ ಇದ್ದುದನ್ನು ಒಪ್ಪಿಕೊಳ್ಳುವುದು ಹೇಗೆ? ಅವನು ಯೋಚಿಸುವಷ್ಟರಲ್ಲಿ ಸ್ಟೇಷನ್ ಬಂತು.

* * *

ಕ್ಯಾಂಟೀನಿನ ಮೂಲೆಯ ಟೇಬಲ್ಲಿನಿಂದ ಒಬ್ಬಳು ಎದ್ದು ನಿಂತಳು. ಕೂದಲು ಬೆಳ್ಳಿಯಾಗಿತ್ತು, ಕನ್ನಡಕ ಬಂದಿತ್ತು, ಸ್ವಲ್ಪ ದಪ್ಪಗಾಗಿದ್ದಳು. ಗುರುತು ಸಿಗಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಅವಳು ಮಾತಾಡಿದಳು.

"ಆಬ್ಲಾರ್! ಲೈನಿನಲ್ಲಿದ್ದೀರಾ?"

ಅದೇ ದನಿ. ಬೈಂಡರಣ್ಣನಿಗೆ ಸೈಕಲ್ ಟ್ಯೂಬಿನ ವಾಸನೆ ಬಂತು, ಚಾಕ್‌ಪೀಸಿನ ಪುಡಿ ಮೂಗಿಗೆ ಹೋಯಿತು. ಅವನು ಹತ್ತಿರ ಹೋಗಲಿಲ್ಲ, ಕ್ಷೌರಿಕನ ಮಾತಿನಂತೆ ದೂರದಲ್ಲೇ ನಿಂತ.

ಅವಳು ಅವನನ್ನು ದಾಟಿ ಬಂದು ಅವನ ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು.

"ನೀವು ಬಂದಿರಲ್ಲ, ಸದ್ಯ! ಅಂದ್ರೆ ಇವರು ನಿಮ್ಮ ಹತ್ರ ಮಾತಾಡಿದಾರೆ ಅಂತಾಯ್ತು."

"ಎಲ್ಲಿ ಬಂತು!" ಎಂದಳು ಹೆಂಡತಿ. "ಬೆಳಿಗ್ಗೆಯಿಂದ ಎರಡು ಸಲ ಕೇಳಿದೆ. ಬಾಯೇ ಬಿಡಲಿಲ್ಲ. ನನಗೆ ಮಗಳು ಹೇಳಿ ಎರಡು ತಿಂಗಳಾಯ್ತು ಬಿಡಿ. 'ಅವರಮ್ಮ ಅಪ್ಪನಿಗೆ ಕಾರ್ಡು ಬರೀತಾರಂತೆ, ಅಲ್ಲೀವರೆಗೂ ನೀನು ಏನೂ ಹೇಳಬೇಡ' ಅಂದಿದ್ಲು. ಅದಕ್ಕೇ ಸುಮ್ಮನಿದ್ದೆ. ಸ್ಟೇಷನ್ನು, ನಾಲ್ಕು ಗಂಟೆ ಅನ್ನೋದು ಬೀದಿಯವರಿಂದಲೇ ಗೊತ್ತಾಯ್ತು."

ಬೈಂಡರಣ್ಣ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. "ಯಾರ ಅಮ್ಮ?"

"ನಾನೇ," ಎಂದಳು ಟೆಲಿಫೋನಿನವಳು. "ನಿಮ್ಮ ಮಗಳು ಕೆಲಸ ಮಾಡೋ ಲ್ಯಾಬಿನಲ್ಲೇ ನನ್ನ ಮಗನೂ ಇರೋದು. ಇಬ್ಬರೂ ಒಂದೂವರೆ ವರ್ಷದಿಂದ... ಇಷ್ಟಪಟ್ಟಿದ್ದಾರೆ. ಹುಡುಗಿಯ ತಂದೆ ಹೆಸರು ಕೇಳಿದೆ. ಲೈಬ್ರರಿ, ರಟ್ಟು ಕಟ್ಟೋದು, ಮಾತು ಕಡಿಮೆ ಅಂದ. ಓ, ಇದು ನಮ್ಮ ಆಬ್ಲಾರೇ ಅಂತ ಗೊತ್ತಾಯ್ತು. ಮಾಮೂಲಿ ಕಾರ್ಡು ಬರೆದ್ರೆ ಅಂಚೆಯವರಿಂದ ಹಿಡಿದು ಬೀದಿಯವರೆಲ್ಲ ಓದ್ತಾರೆ, ಮದುವೆ ವಿಷಯ, ಗುಟ್ಟಾಗಿರಲಿ ಅಂತ ಸ್ಪ್ಯಾನಿಷಲ್ಲಿ ಬರೆದೆ."

ಪಕ್ಕದ ಟೇಬಲ್ಲಿನಲ್ಲಿ ಹೆಡ್‌ಮಾಸ್ತರು ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿ ಮುಖ ಮುಚ್ಚಿಕೊಂಡರು. ಪತ್ರಿಕೆ ತಲೆಕೆಳಗಾಗಿತ್ತು. ಅಂಚೆಯವನು ಟೀಗೆ ಸಕ್ಕರೆ ಸಾಲದೆಂದು ನಟಿಸಿ ಎದ್ದುಹೋದ.

"ಆದ್ರೆ ಅದರಲ್ಲಿ..." ಬೈಂಡರಣ್ಣ ಕಾರ್ಡು ಹೊರತೆಗೆದ. "'ಆಬ್ಲಾರಾ ಕೋನ್ ಸು ಮುಹೇರ್'..."

"'ತಾವು ತಮ್ಮ ಹೆಂಡತಿ ಜೊತೆ ಮಾತಾಡಲಿ ಅಂತ ಬಯಸಿದ್ದೆ.' ಮುಹೇರ್ ಅಂದ್ರೆ ಹೆಂಡತಿ ಅಂತಾನೂ ಆಗುತ್ತೆ, ಮರೆತುಬಿಟ್ರಾ?"

ಬೆಳಿಗ್ಗೆಯಿಂದ ಅವನು ಬೀದಿಯ ಜೊತೆ, ಗ್ರಂಥಾಲಯದ ಜೊತೆ, ಕ್ಷೌರದಂಗಡಿಯ ಜೊತೆ ಮಾತಾಡಿದ್ದ. ಇಡೀ ಊರಿನಲ್ಲಿ ಮಾತಾಡದೆ ಉಳಿದಿದ್ದು ಒಬ್ಬಳ ಜೊತೆ.

"ಮತ್ತೆ ಇದು? ವಿವಿಯೆರಾ... ರಾಮೋಸ್ ಅಲ್ವಾ?" ಅವನ ದನಿ ಪೂರ್ತಿ ಇಳಿದುಹೋಗಿತ್ತು.

"ರಾಮೋಸ್ ಯಾಕಾಗುತ್ತೆ? ರಾನ್. ವಿವಿಯೆರಾನ್. ಅವರು. ಮಕ್ಕಳು. 'ಅವರಿಬ್ಬರು ಒಟ್ಟಿಗೆ ಬಾಳಿದರೆ ಎಷ್ಟು ಸಂತೋಷ!'" ಎಂದು, ಅವನ ಜೇಬಿನಿಂದ ಕಾರ್ಡಿನ ಜೊತೆ ಜಾರಿಬಿದ್ದಿದ್ದ ಚೂರು ಕಾಗದವನ್ನು ಬಗ್ಗಿ ಎತ್ತಿಕೊಂಡಳು. ಓದಿದಳು. ಬೈಂಡರಣ್ಣನ ಪ್ರಾಣಪಕ್ಷಿ ಹಾರಿದಂತಾಯಿತು. ಆದರೆ ಅವಳು ಕಂಡಿದ್ದು ವ್ಯಾಕರಣವನ್ನು ಮಾತ್ರ. "ನೋಡಿ, ಇಲ್ಲೂ ತಪ್ಪು. 'ಮಾತಾಡಿದ್ದರೆ' ಅಂತ ಬರೆದಿದ್ದೀರಿ. ದಕಾರಕ್ಕೆ ಒತ್ತು ಯಾಕೆ? ಬರೀ 'ಮಾತಾಡಿದರೆ'. ಈ ರೂಪ ಮುಗಿದುಹೋದದ್ದಕ್ಕಲ್ಲ. ಈಗಲೂ, ಮುಂದೆಯೂ ಆಗಬಹುದಾದದ್ದಕ್ಕೆ. ಮುಗಿದುಹೋದದ್ದಕ್ಕೆ ಬೇರೆ ರೂಪ ಇದೆ. ಅದು ಹದಿಮೂರನೇ ಪಾಠ."

"ಹದಿಮೂರನೇದಕ್ಕೆ ನೀವೂ ಇರಲಿಲ್ವಲ್ಲ," ಎಂದ ಬೈಂಡರಣ್ಣ. ಅವನ ಜೀವಮಾನದಲ್ಲಿ ಅವಳಿಗೆ ಹೇಳಿದ ಮೊದಲ ಸ್ವಂತ ಪೂರ್ಣ ವಾಕ್ಯ ಅದು. "ನಿಮಗೆ ವರ್ಗ ಆಯ್ತು ಅಂದ್ರು."

"ವರ್ಗ ಎಲ್ಲಿ? ಟೈಫಾಯ್ಡು! ಎರಡು ವಾರ ಮಲಗಿದ್ದೆ. ಮೂರನೇ ಗುರುವಾರ ಬಂದೆ, ಮೇಷ್ಟ್ರು ನನಗೋಸ್ಕರ ಪಾಠಾನ ತಡೆದಿಟ್ಟಿದ್ದರು. ನೀವೇ ಇರಲಿಲ್ಲ. ಇಡೀ ಕ್ಲಾಸಲ್ಲಿ ಇಬ್ಬರೇ ಉಳಿದ್ವಿ." ಅವಳು ನಕ್ಕಳು. "ಇಬ್ಬರೇ ಎಷ್ಟು ದಿನ ಅಂತ ಕ್ರಿಯಾಪದ ಹೇಳ್ಕೊಂಡು ಕೂತಿರೋದು? ಆಮೇಲೆ ಮದುವೆ ಆದ್ವಿ."

ಅಷ್ಟರಲ್ಲಿ ಅಡುಗೆಮನೆಯ ಕಡೆಯ ಬಾಗಿಲು ತೆರೆದು, ಕ್ಯಾಂಟೀನಿನ ಅಡುಗೆಯವನಿಗೆ ಹಬೆ, ಉಪ್ಪು, ಉರಿಗಳ ಬಗ್ಗೆ ಕೊನೆಯ ಮಾತು ಹೇಳುತ್ತಾ ಒಬ್ಬ ಗುಂಡನೆಯ ಮನುಷ್ಯ ಟ್ರೇ ಹಿಡಿದು ಬಂದ. ಟ್ರೇ ಟೇಬಲ್ಲಿಗಿಟ್ಟು ಬೈಂಡರಣ್ಣನನ್ನು ಎದೆಗೆ ಅಪ್ಪಿಕೊಂಡ. ಬಿಟ್ಟಾಗ ಅವನ ಬಿಳಿ ಅಂಗಿಯ ಹೆಗಲ ಮೇಲೆ ಕಪ್ಪು ಮೀಸೆಯ ಒಂದು ಅಚ್ಚು ಮೂಡಿತ್ತು.

"ಆಬ್ಲಾರ್! ಇನ್ನು ಆಬ್ಲಾರ್ ಏನು, ಬೀಗರೇ!" ಎಂದ ಕೊಮೇರ್. "ಬನ್ನಿ, ಕೂತ್ಕೊಳ್ಳಿ. ನೀವು ಕ್ಲಾಸು ಬಿಟ್ಟಿದ್ದು ನನ್ನ ಪುಣ್ಯ ಅಂತ ಇವಳ ಹತ್ರ ಯಾವಾಗ್ಲೂ ಹೇಳ್ತಿರ್ತೀನಿ. ನೀವು ಇದ್ದಿದ್ರೆ ಇವಳು ಪಕ್ಕಕ್ಕೆ ತಿರುಗಿ ನನ್ನ ನೋಡ್ತಾನೇ ಇರಲಿಲ್ಲ. ಇವಳ ಕಣ್ಣೆಲ್ಲ ನಿಮ್ಮ ನೋಟ್‌ಬುಕ್ಕಿನ ಮೇಲೇ ಇರ್ತಿತ್ತು. ಎಷ್ಟು ಚಂದದ ಅಕ್ಷರ ಅಂತ!"

"ಥೂ, ಸುಮ್ಮನಿರಿ," ಎಂದಳು ಟೆಲಿಫೋನಿನವಳು. ಬೆಳ್ಳಿ ಕೂದಲಿನ ಕೆಳಗೆ ಅವಳ ಕಿವಿ ಒಂದಿಷ್ಟು ಕೆಂಪಾದ ಹಾಗೆ ಬೈಂಡರಣ್ಣನಿಗೆ ಕಂಡಿತು. ಕಂಡಿದ್ದು ನಿಜವೋ, ಕ್ಯಾಂಟೀನಿನ ದೀಪವೋ ಗೊತ್ತಾಗಲಿಲ್ಲ.

ಕಾರ್ಡಿನ 'ಒಹಾಲಾ ಕೊಮಿಯೆರಾಮೋಸ್ ತೋದೋಸ್', ನಾವೆಲ್ಲ ಒಟ್ಟಿಗೆ ತಿನ್ನುವಂತಾಗಲಿ ಎಂಬುದು, ನಿಜವಾಗಿ ನಾಲ್ಕು ಜನ ಕೂತು ತಿಂದರು. ಹೆಂಗಸರಿಬ್ಬರೂ ಹತ್ತೇ ನಿಮಿಷದಲ್ಲಿ ಅಕ್ಕತಂಗಿಯರಾದರು. ಮದುವೆ ಯಾವ ತಿಂಗಳು, ಎಷ್ಟು ಜನ, ಹುಡುಗನಿಗೆ ಯಾವ ಬಣ್ಣ ಆಗುವುದಿಲ್ಲ, ಎಲ್ಲ ತೀರ್ಮಾನವಾಯಿತು. ಮದುವೆಯಾದ ಮೇಲೆ ಪ್ರತಿ ಭಾನುವಾರ ಎರಡೂ ಮನೆಯವರು ಒಟ್ಟಿಗೇ ಊಟ ಮಾಡುವುದೆಂದು ಕೊಮೇರ್ ಘೋಷಿಸಿದ. ಟೆಲಿಫೋನಿನವಳು, "ಬೀಗರೇ, ಸ್ವಲ್ಪ ನೀರು ಈ ಕಡೆ ಕೊಡಿ," ಎಂದಳು. ಬೈಂಡರಣ್ಣ ಕೊಟ್ಟ. ಇನ್ನು ಸಾಯುವವರೆಗೆ ಪ್ರತಿ ಭಾನುವಾರ ಹೀಗೇ ನೀರು ಕೊಡುವುದು ತನ್ನ ಪಾಲು ಎಂದು ಅವನಿಗೆ ಅರ್ಥವಾಯಿತು.

ಎದ್ದು ಹೊರಡುವ ಹೊತ್ತಿಗೆ ಅವಳು ಕನ್ನಡಕ ತೆಗೆದು ಒರೆಸುತ್ತಾ ಕೇಳಿದಳು.

"ಒಂದು ಕೇಳಬೇಕು ಅಂತ ಎಷ್ಟೋ ವರ್ಷದಿಂದ ಇತ್ತು. ಅಷ್ಟು ಚೆನ್ನಾಗಿ ಕಲೀತಿದ್ರಿ. ಯಾಕೆ ಬಿಟ್ಟುಬಿಟ್ರಿ ಕ್ಲಾಸು?"

ಮೂರು ಮುಖಗಳೂ ಬೈಂಡರಣ್ಣನ ಕಡೆ ತಿರುಗಿದವು. ಪಕ್ಕದ ಟೇಬಲ್ಲಿನ ಪತ್ರಿಕೆಯೂ ಮೆಲ್ಲನೆ ಕೆಳಗಿಳಿಯಿತು. ಉತ್ತರ ಅವನ ಬಳಿ ಇತ್ತು. ಯಾವ ರೂಪದಲ್ಲಿ ಹೇಳಬೇಕೆಂಬುದೂ ಈಗ ತಿಳಿದಿತ್ತು. ಆದರೂ ಸಾದಾ ಭೂತಕಾಲದಲ್ಲೇ ಹೇಳಿದ.

"ಕೆಲಸ ಜಾಸ್ತಿ ಇತ್ತು."

"ಹೌದಾ? ಪಾಪ," ಎಂದಳು ಅವಳು.

ಹೆಂಡತಿ ತಟ್ಟನೆ ತಲೆಯೆತ್ತಿದಳು. "ಯಾವ ಕೆಲಸ ರೀ? ನಿಮಗೆ ಕೆಲಸ ಅಂತ ಸಿಕ್ಕಿದ್ದೇ ನಮ್ಮ ಮದುವೆ ಆದ ವರ್ಷ!"

ಬೈಂಡರಣ್ಣ ಮುಂದಿದ್ದ ಲೋಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಎಂದೋ ಖಾಲಿಯಾಗಿದ್ದ ಟೀಯನ್ನು ನಿಧಾನವಾಗಿ ಕುಡಿಯತೊಡಗಿದ.